ಹೊಳೆಯ ಮೇಲಿನ ಕೆಂಪು ದೀಪ

ಕಬನೂರಿನ ಮಗ್ಗಗಳ ಸದ್ದಿನಲ್ಲಿ ಬೆಳೆದ ನನ್ನನ್ನು ಅರವತ್ತರ ದಶಕದ ಆರಂಭದಲ್ಲಿ ಹೊಳೆದಂಡೆಯ ದಾನೋಳಿಗೆ ಮದುವೆ ಮಾಡಿಕೊಟ್ಟರು. ಗಂಡನ ಮನೆಯ ಅರ್ಧ ಹೊಲ ಹೊಳೆಯಾಚೆ ಇತ್ತು. ಗಂಡ ದಿನವೂ ಸ್ವಂತ ದೋಣಿಯಲ್ಲಿ ಹೋಗಿಬರುತ್ತಿದ್ದರು. ಹಿಂದೊಮ್ಮೆ ಮುಸ್ಸಂಜೆಯಲ್ಲಿ ಕಬ್ಬು ಹೇರಿದ ದೋಣಿ ಜನ ಕೂತ ದೋಣಿಗೆ ಗುದ್ದಿತ್ತಂತೆ. ಅಂದಿನಿಂದ ಎಲ್ಲ ದೋಣಿಗೂ ಕಂದೀಲು: ಎಡಕ್ಕೆ ಕೆಂಪು ಗಾಜು, ಬಲಕ್ಕೆ ಹಸಿರು, ಹಿಂದೆ ಬಿಳಿ. ಅದನ್ನು ಓದಲು ಗಂಡನೇ ನನಗೆ ಕಲಿಸಿದರು. ನಮ್ಮ ಹಿತ್ತಲಿನಿಂದ ಎರಡೂ ಬಣ್ಣ ಕಂಡರೆ ದೋಣಿ ಇತ್ತ ಬರುತ್ತಿದೆ. ಕೆಂಪೊಂದೇ ಕಂಡರೆ ಹೊಳೆಯ ಮೇಲ್ದಿಕ್ಕಿಗೆ ಹೊರಟಿದೆ, ಹಸಿರೊಂದೇ ಕಂಡರೆ ಕೆಳಗಿಳಿದು ಬರುತ್ತಿದೆ.

ಒಂದು ಚಳಿಗಾಲ ಸಂಜೆಯಾದರೆ ಅವರ ದೋಣಿಯ ಕೆಂಪೊಂದೇ ಕಾಣತೊಡಗಿತು. ನಮ್ಮ ಹೊಲ ಎದುರು ದಂಡೆಯಲ್ಲಿ. ಮೇಲ್ದಿಕ್ಕಿನಲ್ಲಿ ನಮ್ಮದೇನೂ ಇರಲಿಲ್ಲ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ತಡವಾಗಿ ಬಂದವರು ಉಪವಾಸ ಮಲಗಬೇಕು. ಅವರೋ ಹಸಿವಿಲ್ಲವೆಂದು ಮಲಗಿ, ಹೊಟ್ಟೆ ತುಂಬಿದವರ ಹಾಗೆ ನಿದ್ದೆ ಹೋಗುತ್ತಿದ್ದರು. ಕೇಳಿದರೆ ಎತ್ತು ತಪ್ಪಿಸಿಕೊಂಡಿತ್ತು ಎನ್ನುತ್ತಿದ್ದರು. ಕಬ್ಬಿನೊಳಗೆ ಕಳ್ಳಭಟ್ಟಿ ಕಾಯಿಸುತ್ತಾರೆಂದು ನೆರೆಯಾಕೆ ಹೇಳಿದ್ದಳು. ನಿದ್ದೆಯಲ್ಲಿದ್ದವರ ಬಾಯಿ ಮೂಸಿದೆ. ಸೆರೆಯ ವಾಸನೆಯಲ್ಲ, ಬೆಳ್ಳುಳ್ಳಿ. ನಮ್ಮ ಅಡುಗೆಮನೆಗೆ ಬೆಳ್ಳುಳ್ಳಿ ಬರುತ್ತಲೇ ಇರಲಿಲ್ಲ. ಯಾವಳೋ ಅಡುಗೆ ಮಾಡಿ ಬಡಿಸುತ್ತಿದ್ದಾಳೆ ಎಂಬುದು ಖಾತ್ರಿಯಾಯಿತು. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವರು ದೋಣಿ ಬಿಚ್ಚುವಾಗ ಹೋಗಿ ಹತ್ತಿ ಕೂತೆ.

“ಸಂಜೀಕ ಎಲ್ಲಿಗೆ ಹೋಗ್ತೀರಿ, ಅಲ್ಲಿಗೆ ಈಗ ನಡೀರಿ,” ಎಂದೆ.

ಅವರು ಹಗ್ಗ ಒಳಗೆಸೆದು ದೋಣಿ ನೂಕಿ ಹತ್ತಿದರು. “ಅವ್ವಗ ಹೇಳಬ್ಯಾಡ,” ಎಂದು ಹುಟ್ಟು ಹಾಕಿದರು.

ಮೇಲಿನ ತಿರುವಿನಲ್ಲಿ ಕಬ್ಬಿನ ನಡುವೆ ಒಂದು ಗುಡಿಸಲು. ಹೊರಗೆ ಕೆಮ್ಮುತ್ತ ಕೂತವನ ಮೂಗು, ಹಣೆ ಥೇಟು ನನ್ನ ಗಂಡನವೇ. ಅವರ ತಮ್ಮ. ಯಡ್ರಾವದಲ್ಲಿ ಮಗ್ಗ ನಡೆಸುವಾಗ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದನೆಂದು ಅತ್ತೆ ಅವನನ್ನು ಹೊಸಿಲು ತುಳಿಯಗೊಟ್ಟಿರಲಿಲ್ಲ. ಮನೆಯಲ್ಲಿ ಅವನ ಹೆಸರೂ ಎತ್ತುತ್ತಿರಲಿಲ್ಲ. ಕೆಮ್ಮು ಹೆಚ್ಚಾಗಿ ಮಗ್ಗ ಬಿಟ್ಟು, ಯಾರದೋ ಕಬ್ಬು ಕಾಯಲು ಬಂದಿದ್ದ. ಅವನ ಹೆಂಡತಿ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, ಏನೂ ಕೇಳದೆ ರೊಟ್ಟಿ ತಟ್ಟಲು ಕೂತಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಆದರೂ ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಗಂಡನ ಮೇಲಿನ ಸಿಟ್ಟು ಇಳಿಯಲಿಲ್ಲ.

ಮರಳಿ ಬಂದಾಗ ಅತ್ತೆ ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

“ಅವನ ಕೆಮ್ಮ ಹೆಂಗ ಐತಿ?” ಎಂದರು, ಮೊರದಿಂದ ಕಣ್ಣೆತ್ತದೆ.

ದೀಪ ನೋಡುತ್ತಿದ್ದವಳು ನಾನೊಬ್ಬಳೇ ಅಲ್ಲ, ಅದು ಯಾರ ಬಳಿ ಹೋಗುತ್ತದೆಂಬುದೂ ಅತ್ತೆಗೆ ಗೊತ್ತಿತ್ತೆಂದು ಆಗ ತಿಳಿಯಿತು. ಕಡಿಮೆ ಆಗೇತ್ರಿ ಎಂದು ಸುಳ್ಳು ಹೇಳಿದೆ. ಅವರು ನಂಬಲಿಲ್ಲ.

ಮಳೆಗಾಲಕ್ಕೆ ಮುಂಚೆ ಅವನು ಸುಧಾರಿಸಿಕೊಂಡು ಹೆಂಡತಿಯೊಂದಿಗೆ ಯಡ್ರಾವಕ್ಕೆ ತಿರುಗಿ ಹೋದ. ಅತ್ತೆ ಒಮ್ಮೆಯೂ ಅವನನ್ನು ಕಾಣಲಿಲ್ಲ. ನಾನು ತವರಿಗೆ ಹೊರಟಾಗ ಮಾತ್ರ, ಯಡ್ರಾವದ ಮ್ಯಾಲೆ ಹಾದು ಹೋಗು ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದರು.