ಹುಟ್ಟುಹಬ್ಬದ ಫೋಟೋದಲ್ಲಿ ಹಿಟ್ಟಿನ ಯಂತ್ರ

ಬೇಕರಿಯಮ್ಮನ ಗಂಡನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ‘ಆಮೇಲೆ’. ಬಾಗಿಲು ಕಿರುಗುಟ್ಟಿದರೂ ಆಮೇಲೆ, ಹಲ್ಲು ನೋವು ಬಂದರೂ ಆಮೇಲೆ. ಕೆಟ್ಟವನೇನಲ್ಲ, ಪಾಪ. ಚಿಕ್ಕಂದಿನಿಂದ ಬನ್ನು ಬ್ರೆಡ್ಡಿನ ಹಿಟ್ಟಿನಲ್ಲೇ ಕೈಯಾಡಿಸಿದವನು. ನಾದಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು ಸುಮ್ಮನಿದ್ದರೆ ಅದು ತಾನಾಗಿ ಉಬ್ಬಿ ಹದಕ್ಕೆ ಬರುತ್ತದೆ. ಉಳಿದ ವ್ಯವಹಾರವೂ ಹಾಗೇ ಎಂದು ಆ ಮಹಾರಾಯ ನಂಬಿಬಿಟ್ಟಿದ್ದ. ಹಾಗಾಗಿ ಕೋರ್ಟಿನಿಂದ ಸಮನ್ಸ್ ಬಂದಾಗ ಅದನ್ನೂ ನಾಲ್ಕಾಗಿ ಮಡಚಿ, ಹಿಟ್ಟು ಮುಚ್ಚುವ ಬಟ್ಟೆಗಳ ಅಡಿಯಲ್ಲಿ ಇಟ್ಟ.

ಬಟ್ಟೆ ಒಗೆಯಲು ತೆಗೆದಾಗ ಅದು ಬೇಕರಿಯಮ್ಮನ ಕೈಗೆ ಸಿಕ್ಕಿತು. ಕಂತಿನಲ್ಲಿ ಕೊಂಡ ಹಿಟ್ಟು ನಾದುವ ಯಂತ್ರದ ಬಾಕಿ ತೀರಿಲ್ಲವಂತೆ, ಯಂತ್ರವನ್ನು ಅವಳು ಈಗಲೂ ಬಳಸುತ್ತಿದ್ದಾಳಂತೆ. ಸೋಮವಾರದೊಳಗೆ ಉತ್ತರ ಕೊಡದಿದ್ದರೆ ದಾವೆ ಹಾಕಿದ ಕಂಪನಿ ಹೇಳಿದ್ದೇ ತೀರ್ಪು, ಆಮೇಲೆ ಜಪ್ತಿ. ಜಪ್ತಿ ಮಾಡಲು ಆ ಅಂಗಡಿಯಲ್ಲಿ ಇದ್ದದ್ದಾದರೂ ಏನು? ಒಲೆಯೊಂದೇ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಬನ್ನು ಮಾರಿ ಕಟ್ಟಿಸಿದ ಒಲೆ.

ಅವಳ ಮೈಯೆಲ್ಲ ಉರಿದುಹೋಯಿತು. ಗಂಡನ ಭುಜ ಕೈಕೊಟ್ಟು ಕಂತು ತಪ್ಪಿದ ವರ್ಷ ಯಂತ್ರ ಮಾರಿದ ಕಂಪನಿಯವರೇ ಬಂದು ಅದನ್ನು ಹೊತ್ತುಕೊಂಡು ಹೋಗಿದ್ದರು, ಲೆಕ್ಕ ಚುಕ್ತಾ ಅಂದಿದ್ದರು. ಅಂದಿನಿಂದ ಹಿಟ್ಟೆಲ್ಲ ಅವಳ ಕೈಯಲ್ಲೇ. ಆ ರಟ್ಟೆ ನೋಡಿದರೆ ತರಕಾರಿಯವನು ಚೌಕಾಸಿಗೆ ನಿಲ್ಲುವುದಿಲ್ಲ. ಈಗ ಇನ್ಯಾವುದೋ ಕಂಪನಿ ಅವರ ಹಳೆಯ ಬಾಕಿ ಲೆಕ್ಕಗಳನ್ನು ರಾಶಿಗಟ್ಟಲೆ ಕೊಂಡು ವಸೂಲಿಗೆ ಹೊರಟಿದೆ. ಯಂತ್ರ ಒಯ್ದದ್ದಕ್ಕೆ ರಸೀದಿ ಎಲ್ಲಿ ಎಂದು ಗಂಡನನ್ನು ಕೇಳಿದಳು. ಆಮೇಲೆ ತಗೊಂಡರಾಯಿತು ಅಂದುಕೊಂಡಿದ್ದನಂತೆ.

“ಸುಮ್ನಿದ್ರೆ ಅವರೇ ಸುಮ್ನಾಗ್ತಾರೆ ಬಿಡೇ,” ಅಂದ ಅವನು.

ಅವಳು ಬಿಡಲಿಲ್ಲ. ಹಿಟ್ಟು ಮೆತ್ತಿದ ಸೆರಗಿನಲ್ಲೇ ಕೋರ್ಟಿಗೆ ನಡೆದಳು. ಕಿಟಕಿಯಲ್ಲಿದ್ದ ಗುಮಾಸ್ತೆ ಒಳ್ಳೆಯವಳು. ಬಹಳ ಜನ ಹೆದರಿ ಉತ್ತರವನ್ನೇ ಕೊಡುವುದಿಲ್ಲ, ಕಂಪನಿಯವರು ಕೂತಲ್ಲೇ ಗೆಲ್ಲುತ್ತಾರೆ ಎಂದು ತಿಳಿಸಿ ಹೇಳಿದಳು. ಬೇಕರಿಯಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಬರೆದಳು: ಯಂತ್ರ ನನ್ನಲ್ಲಿಲ್ಲ, ಮಾರಿದವರೇ ಒಯ್ದರು, ಬಾಕಿ ಇಲ್ಲ, ಇದೆ ಅನ್ನುವವರು ತೋರಿಸಲಿ. ಗುಮಾಸ್ತೆ ಮುದ್ರೆ ಒತ್ತಿ ಒಂದು ಪ್ರತಿ ಕೈಗಿತ್ತಳು.

ಬರೆದದ್ದೇನೋ ಆಯಿತು, ಸಾಕ್ಷಿ? ಆ ಚಿಂತೆಯಲ್ಲೇ ಅಂಗಡಿಯ ಗೋಡೆ ಒರೆಸುತ್ತಿದ್ದಳು. ತನ್ನಲ್ಲಿ ಹುಟ್ಟುಹಬ್ಬದ ಕೇಕು ಕೊಂಡ ಪ್ರತಿ ಮಗುವಿನ ಫೋಟೋ ತೆಗೆದು ಗೋಡೆಗೆ ಹಾಕುವುದು ಅವಳ ರೂಢಿ. ಮೂಲೆಯಲ್ಲೊಂದು ಕೆಟ್ಟ ಫೋಟೋ ಇತ್ತು. ಹಲ್ಲು ಬಿದ್ದ ಹುಡುಗಿಯೊಬ್ಬಳು ಕೇಕಿನ ಮುಂದೆ ಅಳುಮೋರೆ ಹಾಕಿಕೊಂಡಿದ್ದಾಳೆ. ಹಿಂದೆ ಯಾರ್ಯಾರದೋ ಬೆನ್ನುಗಳು ಅಡ್ಡ ಬಂದಿವೆ ಎಂದು ಅದರ ಪ್ರತಿಯೇ ಬೇಡ ಅಂದಿದ್ದಳು ಹುಡುಗಿಯ ತಾಯಿ. ಬೇಕರಿಯಮ್ಮ ಧೂಳು ಒರೆಸಿ ಆ ಬೆನ್ನುಗಳನ್ನು ನೋಡಿದಳು. ಅಂಗಿಗಳ ಮೇಲೆ ದಪ್ಪಕ್ಷರದಲ್ಲಿ ಯಂತ್ರ ಮಾರಿದ ಕಂಪನಿಯ ಹೆಸರು, ನಡುವೆ ಅವರು ಹೊತ್ತ ಯಂತ್ರ, ಕೆಳಗೆ ಅಚ್ಚಾದ ತಾರೀಖು. ಅವಳು ಸ್ಟೂಲಿನ ಮೇಲೇ ಕೂತುಬಿಟ್ಟಳು, ನಗು ತಡೆಯಲಾಗಲಿಲ್ಲ.

ವಿಚಾರಣೆಯ ದಿನ ಕಂಪನಿಯ ವಕೀಲ ಹೊರಗೇ ಅಡ್ಡ ಹಾಕಿ, ಅರ್ಧ ಕೊಟ್ಟು ಮುಗಿಸಿಕೊಳ್ಳಿ ಅಂದ. ಒಂದು ಬನ್ನಿನ ಕಾಸೂ ಹುಟ್ಟುವುದಿಲ್ಲ ಅಂದಳು ಇವಳು. ಒಳಗೆ ನ್ಯಾಯಾಧೀಶೆ ಯಂತ್ರ ಎಲ್ಲಿದೆ ಎಂದು ಕೇಳಿದರು. ವಕೀಲ ಕಡತ ನೋಡಿ, ಇವರ ಅಂಗಡಿಯಲ್ಲೇ ಓಡುತ್ತಿದೆ ಅಂದ. ಬೇಕರಿಯಮ್ಮ ಗಾಜಿನ ಚೌಕಟ್ಟಿನ ಸಮೇತ ಫೋಟೋ ಮುಂದಿಟ್ಟಳು.

ನ್ಯಾಯಾಧೀಶೆ ಅದನ್ನು ಹತ್ತಿರ ಹಿಡಿದು ನೋಡಿ, ಯಂತ್ರ ಹೊತ್ತವರು ಹೊರಗೆ ಹೋಗಲೆಂದು ಬಾಗಿಲು ಹಿಡಿದು ನಿಂತವರು ಯಾರು ಎಂದು ಕೇಳಿದರು.

“ನಮ್ಮ ಯಜಮಾನ್ರು, ಅಮ್ಮಾ. ಅದೊಂದು ಕೆಲಸಕ್ಕೆ ಮಾತ್ರ ಆಮೇಲೆ ಅನ್ನಲಿಲ್ಲ.”

ಕೊನೆಯ ಬೆಂಚಿನಲ್ಲಿದ್ದ ಗಂಡ ತಲೆ ತಗ್ಗಿಸಿದ. ಕೋರ್ಟಿನಲ್ಲಿ ನಗದವರಿಲ್ಲ. ವಕೀಲ ಇನ್ನೊಂದು ದಿನಾಂಕ ಬೇಡಿದ, ಸಿಗಲಿಲ್ಲ. ದಾವೆ ವಜಾ, ಜೊತೆಗೆ ಅವಳು ಓಡಾಡಿದ ಖರ್ಚೂ ಕಂಪನಿಯ ತಲೆಗೇ ಬಿತ್ತು. ಮೆಟ್ಟಿಲಿಳಿಯುವಾಗ ಅವಳಿಗೆ ನೆಲವೇ ಹಗುರವಾದಂತಿತ್ತು. ಒಲೆ ಉಳಿಯಿತು ಕಣ್ರೀ, ಒಲೆ ಉಳಿಯಿತು ಎಂದು ದಾರಿಯುದ್ದಕ್ಕೂ ಹೇಳಿದ್ದನ್ನೇ ಹೇಳಿದಳು.

ಅಂಗಡಿಗೆ ಬಂದವಳೇ ಫೋಟೋವನ್ನು ಗಲ್ಲಾದ ಮೇಲೆ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಮೊಳೆ ಹೊಡೆದು ತೂಗುಹಾಕಿದಳು. ಬಾಗಿಲು ಹಿಡಿದು ನಿಂತ ತನ್ನನ್ನೇ ನೋಡಿಕೊಂಡು ಗಂಡ ಮುಜುಗರಪಟ್ಟ. ಅದನ್ನು ಮತ್ತೆ ಮೂಲೆಗೇ ಹಾಕೋಣವೇ ಎಂದು ಮೆಲ್ಲಗೆ ಕೇಳಿದ.

ಬೇಕರಿಯಮ್ಮ ಒಲೆಗೆ ಬೆಂಕಿ ಹಚ್ಚುತ್ತಾ ಅಂದಳು: “ಆಮೇಲೆ ನೋಡೋಣ.”