ಪೆಡ್ಲು ಹಿಡ್ಕೊಂಡು ಬೂಟಿಗೆ ಹೋಗಿದ್ದು

ಮೊಮ್ಮಗಳಿಗೆ ಇಸ್ಕೂಲಲ್ಲಿ ಕೊಟ್ಟಿದ್ದ ಸೈಕಲ್ಲು ಅದು. ಅವಳು ಕಾಲೇಜಿಗೆ ಬಸ್ಸಲ್ಲಿ ಹೋಗೋಕೆ ಶುರು ಮಾಡಿದ ಮೇಲೆ ಕೊಟ್ಟಿಗೆ ಗೋಡೆಗೆ ಒರಗಿಕೊಂಡೇ ಇತ್ತು. ಸೈಕಲ್ಲು ಹೊಡೆಯೋದನ್ನ ನಾನು ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಲ್ಲಿ ಕಲಿತಿದ್ದೆ. ಮದುವೆ ಆದ ಮೇಲೆ ಮುಟ್ಟಿರಲಿಲ್ಲ. ಅರವತ್ತು ದಾಟಿದ ಮೇಲೆ ಮತ್ತೆ ಹತ್ತಿದೆ. ಕಾಲು ಮರೆತಿರಲಿಲ್ಲ.

ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದು, ನಾಲೆ ಏರಿ ಮೇಲೆ ಒಂದು ಸುತ್ತು ಹೋಗಿ ಬರೋದು. ಅಷ್ಟೇ. ಎದುರಿಗೆ ಬಂದವರೆಲ್ಲ ಎಲ್ಲಿಗೆ ಅಂತ ಕೇಳೋರು. ಎಲ್ಲಿಗೂ ಇಲ್ಲ, ಸುಮ್ಮನೆ ಅಂದರೆ ಯಾರೂ ನಂಬ್ತಿರಲಿಲ್ಲ. ಹುಲ್ಲಿಗೆ ಅಂದರೆ ಸುಮ್ಮನಾಗೋರು. ಅದಕ್ಕೆ ಕ್ಯಾರಿಯರಿಗೆ ಒಂದು ಕುಡುಗೋಲು ಸಿಕ್ಕಿಸಿಕೊಂಡು ಹೋಗ್ತಿದ್ದೆ. ಒಂದು ದಿನವೂ ಹುಲ್ಲು ಕುಯ್ದವಳಲ್ಲ.

ತೊಂದರೆ ಬಂದಿದ್ದು ಹವಾಯಿ ಚಪ್ಪಲಿಯಿಂದ. ಇಬ್ಬನಿಯಲ್ಲಿ ನೆಂದರೆ ಅದು ಪೆಡ್ಲಿನ ಮೇಲೆ ನಿಲ್ಲಲ್ಲ. ಒಂದು ಸಲ ಕಾಲು ಜಾರಿ, ಪೆಡ್ಲು ತಿರುಗಿ ಬಂದು ಮೊಣಕಾಲಿನ ಕೆಳಗೆ ಹೊಡೀತು. ಗಾಯವನ್ನ ಸೀರೆಯಲ್ಲಿ ಮುಚ್ಚಿಟ್ಟೆ. ಬರಿಗಾಲಲ್ಲೂ ತುಳಿದು ನೋಡಿದೆ. ನನ್ನ ಅಂಗಾಲು ಗಟ್ಟಿ, ಪೆಡ್ಲಿನ ಹಲ್ಲು ಅದಕ್ಕಿಂತ ಗಟ್ಟಿ. ಮತ್ತೆ ಚಪ್ಪಲಿ ಹಾಕಿದೆ. ಎರಡನೇ ಸಲ ಬಿದ್ದಿದ್ದು ಡೈರಿ ಮುಂದೆ, ಎಲ್ಲರ ಎದುರಿಗೆ. ಅದನ್ನ ಮುಚ್ಚಿಡೋಕೆ ಆಗಲಿಲ್ಲ.

ಅವತ್ತೇ ನಮ್ಮನೆಯವರು ಪಾನಾ ತಗೊಂಡು ಒಂದು ಕಡೆ ಪೆಡ್ಲು ಬಿಚ್ಚಿ ಅಟ್ಟದ ಮೇಲಿಟ್ಟರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

"ಕಾಲು ಜಾರದಂಗಿರೋ ಎಕ್ಕಡ ತಂದು ತೋರ್ಸು, ಆಮ್ಯಾಕೆ ಆಕ್ಕೊಡ್ತೀನಿ. ಇಲ್ದಿದ್ರೆ ಸೈಕಲ್ ಆಸೆ ಬುಡು" ಅಂದರು.

ಅಂಥದ್ದು ಸಿಗಲ್ಲ ಅಂತ ಅವರ ಲೆಕ್ಕ. ಸೊಸೆಯೂ ಅವರ ಕಡೆಯೇ. ಈ ವಯಸ್ಸಲ್ಲಿ ಸೊಂಟ ಮುರಿದು ಮಲಗಿದರೆ ಹೇಲುಚ್ಚೆ ಬಾಚೋದು ತಾನು ಅಂತ ಹೇಳಿದಳು. ಸುಳ್ಳಲ್ಲ.

ಮಾರನೇ ದಿನ ಅಟ್ಟ ಹತ್ತಿ ಪೆಡ್ಲು ತೆಗೆದು ಕೈಚೀಲಕ್ಕೆ ಹಾಕ್ಕೊಂಡೆ. ರವಿಕೆ ಬಟ್ಟೆಗೆ ಹೋಗೋರು ಸೀರೆ ಹಿಡ್ಕೊಂಡು ಹೋಗಲ್ವಾ, ಹಂಗೆ. ಕಿರುಗಾವಲಿನಲ್ಲಿ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ.

ಚಪ್ಪಲಿ ಅಂಗಡಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ವಾಕಿಂಗಿಗಾ ಅಂತ ಕೇಳಿದಳು. ನಾನು ಪೆಡ್ಲು ತೆಗೆದು ನೆಲದ ಮೇಲಿಟ್ಟೆ. ಅವಳು ಅದನ್ನ ನೋಡಿ, ನನ್ನ ನೋಡಿ, ಇದು ಯಾರದಜ್ಜಿ ಅಂದಳು. ನಂದೇ ಅಂದೆ.

ಮೊದಲು ದಪ್ಪ ಮೆತ್ತೆಯ ಬೂಟು ಕೊಟ್ಟಳು. ಓಡೋರು ಹಾಕ್ಕೊಳ್ಳೋದಂತೆ. ಪೆಡ್ಲಿನ ಮೇಲೆ ಕಾಲಿಟ್ಟು ಒತ್ತಿದೆ. ಹಾಸಿಗೆ ತುಳಿದಂಗಾಯ್ತು. ಪೆಡ್ಲು ಎಲ್ಲಿದೆ ಅಂತಲೇ ಕಾಲಿಗೆ ಗೊತ್ತಾಗಲಿಲ್ಲ. ಅದರ ತಳದ ನಡುವೆ ಹಳ್ಳ ಬೇರೆ, ಕಾಲು ಆ ಕಡೆ ಈ ಕಡೆ ವಾಲ್ತಿತ್ತು. ಬೇಡ ಅಂದೆ. ಆಮೇಲೆ ಪ್ಲಾಸ್ಟಿಕ್ಕಿನದು ಕೊಟ್ಟಳು. ನೋಡೋಕೆ ಚೆಂದ, ತಳ ಮಾತ್ರ ಗಾಜು. ಹವಾಯಿಗಿಂತ ಕಡೆ.

ಮೂರನೆಯದು ಬಟ್ಟೆ ಬೂಟು, ರಬ್ಬರಿನ ತಳ, ಮಣೆ ಹಂಗೆ ಚಪ್ಪಟೆ. ತಳವನ್ನ ಪೆಡ್ಲಿನ ಮೇಲೊತ್ತಿ ತಿರುಚಿದರೆ ಪೆಡ್ಲೇ ಜೊತೆಗೆ ತಿರುಗ್ತು. ಇದೇ ಅಂದೆ. ಆದರೆ ಕಾಲು ತೂರಿಸಿದರೆ ಕಾಲುಂಗುರ ಬೆರಳಿಗೆ ಒತ್ತಿ ಕಣ್ಣಲ್ಲಿ ನೀರು ಬಂತು. ಗದ್ದೆ ಕೆಸರಲ್ಲಿ ನಾಟಿ ಹಾಕಿ ಹಾಕಿ ನನ್ನ ಬೆರಳು ಬೀಸಣಿಗೆ ಹಂಗೆ ಅಗಲ. ಹೆಂಗಸರ ಬೂಟೆಲ್ಲ ಮುಂದೆ ಚೂಪು. ಇದ್ದಿದ್ದರಲ್ಲಿ ದೊಡ್ಡದು ಕೊಟ್ಟಳು. ಹಿಂದೆ ಹಿಮ್ಮಡಿ ಸಡಿಲ, ಮುಂದೆ ಅದೇ ಇಕ್ಕಟ್ಟು.

ಉಂಗುರ ತೆಗೀರಿ ಅಜ್ಜಿ ಅಂದಳು. ಪಕ್ಕದಲ್ಲಿ ಮಗುವಿಗೆ ಚಪ್ಪಲಿ ನೋಡ್ತಿದ್ದ ಹೆಂಗಸು, ಯಜಮಾನರು ಇದ್ದಾರಾ ಅಂತ ನನ್ನ ಕೇಳಿದಳು. ಇದ್ದಾರೆ ಅಂದೆ. ಹಂಗಾದರೆ ತೆಗೀಬಾರದು ಅಂದಳು. ನಂಗೆ ಆ ಶಾಸ್ತ್ರದ ಯೋಚನೆ ಇರಲಿಲ್ಲ. ತೆಗೆಯೋಕೆ ನೋಡಿದೆ, ಎಳೆದೆ, ತಿರುಗಿಸಿದೆ. ಗೆಣ್ಣು ದಪ್ಪಗಾಗಿದೆ, ಉಂಗುರ ಅಲ್ಲೇ ಕೂತಿದೆ. ಅಕ್ಕಸಾಲಿ ಹತ್ತಿರ ಕೊಯ್ಸಬೇಕು. ಬೂಟು ಕೆಳಗಿಟ್ಟೆ. ನಮ್ಮನೆಯವರ ಲೆಕ್ಕವೇ ಸರಿಯಾಯ್ತು ಅನ್ನಿಸ್ತು.

ಆಗ ಆ ಕಡೆ ಗೋಡೆಯಲ್ಲಿ ಅಂಥದ್ದೇ ಬಟ್ಟೆ ಬೂಟು ಕಂಡವು. ಕಪ್ಪು ಬಣ್ಣ, ಮುಂದೆ ದುಂಡಗೆ. ಅದು ಕೊಡು ಅಂದೆ.

"ಅದು ಗಂಡಸ್ರುದು ಅಜ್ಜಿ."

"ಪೆಡ್ಲಿಗೆ ಗೊತ್ತಾಯ್ತದೇನವ್ವ? ತಗಿ."

ತೆಗೆದಳು. ಬೆರಳು ಉಂಗುರ ಎರಡೂ ಹಾಯಾಗಿ ಕೂತವು. ತಳ ಅದೇ ರಬ್ಬರು. ಪೆಡ್ಲಿನ ಮೇಲೆ ನಿಂತೆ, ಜಗ್ಗಲಿಲ್ಲ. ದಾರ ಕಟ್ಟೋದು ನಂಗೆ ಬರಲ್ಲ. ಹುಡುಗಿ ಎರಡು ಸಲ ಹೂವಿನ ಹಂಗೆ ಕಟ್ಟಿ ತೋರಿಸಿದಳು. ನಾನು ದನಕ್ಕೆ ಹಾಕೋ ಗಂಟು ಹಾಕಿ, ತುದಿಯನ್ನ ಒಳಕ್ಕೆ ತುರುಕಿದೆ. ಹೊರಗೆ ಬಿಟ್ಟರೆ ಚೈನು ಹಿಡಿದುಕೊಳ್ಳುತ್ತೆ.

ಮನೆಗೆ ಬಂದಾಗ ನಮ್ಮನೆಯವರು ಜಗುಲಿ ಮೇಲಿದ್ದರು. ಬೂಟನ್ನೂ ಪೆಡ್ಲನ್ನೂ ಮುಂದಿಟ್ಟೆ. ಚೊಂಬಲ್ಲಿ ನೀರು ತರಿಸಿ ಎರಡಕ್ಕೂ ಹುಯ್ದರು. ಬೂಟಿನೊಳಗೆ ಕೈ ತೂರಿಸಿ ಪೆಡ್ಲಿನ ಮೇಲೆ ಒತ್ತಿ ಒತ್ತಿ ನೋಡಿದರು. ಜಾರಲಿಲ್ಲ. ಇನ್ನೊಂದು ಸಲ ಹುಯ್ದರು. ಆಗಲೂ ಜಾರಲಿಲ್ಲ.

"ಗಂಡಸ್ರು ಬೂಟಲ್ವೇನೇ ಇದು?"

"ಊಂ."

"ನಂಗೂ ಆಯ್ತದಾ?"

"ನಿಮ್ಗೆ ದೊಡ್ಡದಾಯ್ತದೆ ಬುಡಿ. ನನ್ ಕಾಲಳತೆಗೆ ತಂದಿರೋದು."

ಸೊಸೆ ಒಳಗೆ ನಕ್ಕಿದ್ದು ಕೇಳಿಸ್ತು. ಅವರು ಪಾನಾ ಹುಡುಕಿಕೊಂಡು ಬಂದು ಪೆಡ್ಲು ಕೂರಿಸಿದರು. ಬಿಗಿ ಮಾಡಿ, ಅಂಗಳದಲ್ಲಿ ಒಂದು ಸುತ್ತು ಹೊಡೆದು ತೋರಿಸು, ಆಮೇಲೆ ಹೇಳ್ತೀನಿ ಅಂದರು. ಒಂದು ಸುತ್ತು ಹೊಡೆದೆ. ಅಂಗಳದ ಗೇಟು ತೆರೆದೇ ಇತ್ತು. ಅವರು ಆಮೇಲೆ ಏನು ಹೇಳಿದರೋ ಗೊತ್ತಿಲ್ಲ, ನಾನು ಅಷ್ಟರಲ್ಲಿ ನಾಲೆ ದಾರಿಯಲ್ಲಿದ್ದೆ.