ಓದಿ ಕೇಳಿಸಲಾಗಿದೆ

ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯ ವಾಸನೆ ತಾಳದೆ ಇವತ್ತು ಬೆಳಿಗ್ಗೆ ಅದನ್ನು ತೊಟ್ಟವನೇ ಬಿಚ್ಚಿ ಎಸೆದೆ. ಸೊಸೆ ಗಾಬರಿಯಾಗಿ, "ಮಾವ, ಎಂತ ಆಯ್ತು? ಸೆಕೆಯಾ?" ಎಂದಳು. ಹೌದೆಂದೆ. ನಿವೃತ್ತ ಪೊಲೀಸನಿಗೆ ಸುಳ್ಳು ಹೇಳುವುದು ಅಂಥ ಕಷ್ಟವಲ್ಲ ನೋಡಿ.

ನಿಮಗೆ ನಿಜ ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ಕಾಸರಗೋಡು ಕಡೆಯ ಒಂದು ಠಾಣೆಯಲ್ಲಿ ನಾನು ರೈಟರನಾಗಿದ್ದೆ. ಕಾಗದಪತ್ರವೆಲ್ಲ ಮಲಯಾಳದಲ್ಲಿ; ಬರುವವರಲ್ಲಿ ಅರ್ಧ ಜನರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಅವರು ಹೇಳಿದ್ದನ್ನು ಮಲಯಾಳದಲ್ಲಿ ಬರೆದು, ಅವರ ಭಾಷೆಯಲ್ಲಿ ಓದಿಹೇಳಿ, ಕೊನೆಗೆ 'ಓದಿ ಕೇಳಿಸಲಾಗಿದೆ, ಸರಿ ಇದೆ' ಎಂದು ಸೇರಿಸಿ ಹೆಬ್ಬೆಟ್ಟು ಒತ್ತಿಸುವುದು ನನ್ನ ಕೆಲಸ. ನಾನಿಲ್ಲದೆ ಠಾಣೆ ನಡೆಯದು ಎಂಬ ಜಂಬ ನನ್ನ ಮೀಸೆಗಿಂತ ದಪ್ಪವಿತ್ತು.

ಬೆಳ್ಳೂರು ಕಡೆಯ ಚನಿಯ ಬುಟ್ಟಿ ಹೆಣೆಯುವವನು, ಕೊರಗರವನು. ಯಾರದೋ ಪಂಪ್‌ಸೆಟ್ ಕಾಣೆಯಾದಾಗ ಅವನನ್ನು ಹಿಡಿದು ತಂದರು. ಸಾಕ್ಷಿ ಬೇಕಿರಲಿಲ್ಲ, ಜಾತಿ ಸಾಕಿತ್ತು. ಹೆಡ್ ಕಾನ್‌ಸ್ಟೇಬಲ್ ರಾಮಣ್ಣ ಜಾತಿ ಎತ್ತಿ ಬೈಯುತ್ತ ಅವನ ಬಲಗೈ ಮುರಿದ. ಮರುದಿನ ಪಂಪು ಮಾಲೀಕನ ಭಾವನ ತೋಟದಲ್ಲಿ ಸಿಕ್ಕಿತು. ಹೇಳದೆ ಒಯ್ದಿದ್ದರಂತೆ.

ಚನಿಯ ಮೇಲಧಿಕಾರಿಗಳಿಗೆ ಅರ್ಜಿ ಹಾಕಿಸಿದ. ಅವರು ಹೇಳಿಕೆ ಬರೆದುಕೊಳ್ಳಲು ಅದನ್ನು ನಮ್ಮ ಠಾಣೆಗೇ ಕಳಿಸಿದರು! ರಾಮಣ್ಣ ನನ್ನ ಹೆಗಲ ಮೇಲೆ ಕೈಹಾಕಿ, "ನಾಳೆ ನಿನಗೂ ಎಂತಾದರೂ ಬರ್ತದೆ ಮಾರಾಯ. ಆಗ ನಾವು ಬೇಡ್ವಾ?" ಎಂದ. ಗಂಜಿ ಹಾಕಿದ ಅವನ ಖಾಕಿ ತೋಳು ನನ್ನ ಮೂಗಿಗೆ ತಾಗುತ್ತಿತ್ತು. ಉಳಿದವರು ತಲೆಯೆತ್ತದೆ ಚಹಾ ಕುಡಿಯುತ್ತಿದ್ದರು.

'ಮೆಟ್ಟಿಲಲ್ಲಿ ಜಾರಿ ಬಿದ್ದು ಕೈ ಮುರಿಯಿತು' ಎಂದು ಬರೆದೆ. ಓದುವಾಗ ಮಾತ್ರ ಚನಿಯ ಹೇಳಿದ್ದನ್ನೇ, ಒಂದು ಮಾತೂ ಬಿಡದೆ, ತುಳುವಿನಲ್ಲಿ ಹೇಳಿದೆ. ಅವನು ಹೆಬ್ಬೆಟ್ಟು ಒತ್ತಿ, "ನೀವೊಬ್ಬರು ಸರಿ ಬರೆದಿರಿ ಧಣಿ" ಎಂದ. ಇಂಥದ್ದು ಇಷ್ಟು ಸಲೀಸಾಗಿ ನನ್ನಿಂದ ಆಗಿಹೋಯಿತಲ್ಲ ಎಂದುಕೊಳ್ಳುತ್ತಲೇ ಹೆಬ್ಬೆಟ್ಟಿನ ಕೆಳಗೆ ನನ್ನ ಸಹಿ ಹಾಕಿದೆ. ಅರ್ಜಿ ಮುಚ್ಚಿಹೋಯಿತು. ಅವನ ಕೈ ಮತ್ತೆ ನೆಟ್ಟಗಾಗಲಿಲ್ಲ.

ಮೊನ್ನೆ ಅವನ ಮಗಳು ಸುಶೀಲಾ ಬಂದಳು. ಮಲಯಾಳಂ ಕಲಿತವಳು, ಈಗ ಟೀಚರ್. ಕೈಯಲ್ಲಿ ಮಾಹಿತಿ ಹಕ್ಕಿನಡಿ ಪಡೆದ ಆ ಹೇಳಿಕೆಯ ಪ್ರತಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆ ರೈಟರ್ ಒಬ್ಬರು ಒಳ್ಳೆಯವರು ಅಂತ ಅಪ್ಪ ಈಗಲೂ ಹೇಳ್ತಾರೆ. ಅವರಿಗೆ ಇದನ್ನು ಓದಿಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ. ನೀವೇ ಬಂದು ಓದಿ."

ಇವತ್ತು ಮಧ್ಯಾಹ್ನ ಹೋದೆ. ಚನಿಯ ಎಡಗೈಯಲ್ಲಿ ಕುರ್ಚಿ ಒರೆಸಿ ಕೂರಿಸಿದ. ಬರೆದದ್ದನ್ನು ಬರೆದಂತೆಯೇ ಓದಿಹೇಳಿದೆ. ಅವನು ಎಡಗೈ ಚಾಚಿ ಕಾಗದ ಇಸಿದುಕೊಂಡ. ಆಮೇಲೆ ಮಗಳ ಕಡೆ ತಿರುಗಿ ಕೇಳಿದ:

"ಇವರು ಈಗ ಓದಿದ್ದೇ ಅದರಲ್ಲಿ ಉಂಟಾ, ಮಗಾ? ನೀನೊಮ್ಮೆ ನೋಡು."